ಚುಕ್ಕಿಗಳಲ್ಲಿ ಊರು: ಪಾಯಿಂಟಿಲಿಸಂ ಕಲಿಯುವವರಿಗೆ ಹದಿನಾಲ್ಕು ಸೂತ್ರಗಳು

ಚುಕ್ಕಿ ಚುಕ್ಕಿಯಾಗಿ ಬಣ್ಣ ಇಟ್ಟು ಚಿತ್ರ ಬರೆಯುವ ಪಾಯಿಂಟಿಲಿಸಂ ಎಂದ ಕೂಡಲೇ ಎಲ್ಲರೂ ತಾಳ್ಮೆಯ ಮಾತೆತ್ತುತ್ತಾರೆ. ತಾಳ್ಮೆ ಬೇಕು, ನಿಜ. ಆದರೆ ಸಾವಿರಾರು ಚುಕ್ಕಿ ಇಟ್ಟ ಮೇಲೂ ಚಿತ್ರ ಸೋತಿತೆಂದರೆ ಕಾರಣ ತಾಳ್ಮೆಯ ಕೊರತೆಯಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ತೀರ್ಮಾನಿಸುವ ಮೊದಲೇ ಕೈ ಓಡಿರುತ್ತದೆ, ಅಷ್ಟೆ. ಈ ಶೈಲಿಯ ಚಿತ್ರಕಾರ ಪಾಲ್ ಸಿನ್ಯಾಕ್ 1899ರಲ್ಲಿ ಬರೆದ ಪುಸ್ತಕದಲ್ಲಿ ಪಟ್ಟುಹಿಡಿದು ವಾದಿಸಿದ್ದೂ ಇದನ್ನೇ: ಚುಕ್ಕಿ ಬರಿಯ ಸಾಧನ, ಬಣ್ಣಗಳನ್ನು ಬಿಡಿಸಿ ಬಿಡಿಸಿ ಇಡುವುದೇ ಅಸಲು ಕೆಲಸ.

ಮನೆಗಳಿರುವ ನಿಸರ್ಗದೃಶ್ಯ ಈ ವಿದ್ಯೆಗೆ ಒಳ್ಳೆಯ ಪರೀಕ್ಷೆ. ಮರ, ಹುಲ್ಲು, ಮೋಡ ಚುಕ್ಕಿಗೆ ಸುಲಭವಾಗಿ ಒಲಿಯುತ್ತವೆ. ಗೋಡೆ ಮತ್ತು ಮಾಡು ಒಲಿಯುವುದಿಲ್ಲ. ಅವಕ್ಕೆ ನೇರ ಅಂಚು ಬೇಕು, ಸಪಾಟು ಮೈ ಬೇಕು, ನೆಲದ ಮೇಲೆ ಭಾರವಾಗಿ ಕೂರಬೇಕು. ಆದ್ದರಿಂದ ಇಲ್ಲಿನ ಸೂತ್ರಗಳಲ್ಲಿ ಮನೆಗೇ ಹೆಚ್ಚು ಜಾಗ.

1. ಬಿಸಿಲು ಒಂದೇ ಮಗ್ಗುಲಿಗೆ ಬೀಳುವ ಮನೆ ಆರಿಸಿ

ಎರಡು ಮೂರು ಮನೆ, ಒಂದು ಮರ, ಸ್ವಲ್ಪ ಆಕಾಶ ಇದ್ದರೆ ಸಾಕು. ಬೆಳಿಗ್ಗೆ ಎಂಟರ ಸುಮಾರಿಗೋ ಸಂಜೆ ನಾಲ್ಕೂವರೆಯ ಮೇಲೋ ಒಂದು ಗೋಡೆ ಬೆಳಗುತ್ತಿರುತ್ತದೆ, ಪಕ್ಕದ ಗೋಡೆ ನೆರಳಲ್ಲಿರುತ್ತದೆ. ಚುಕ್ಕಿಗೆ ಬೇಕಾದದ್ದು ಈ ವ್ಯತ್ಯಾಸವೇ. ನಡುಮಧ್ಯಾಹ್ನ ಬೇಡ, ಮನೆ ಚಪ್ಪಟೆಯಾಗಿ ಕಾಣುತ್ತದೆ. ಕರಾವಳಿ, ಮಲೆನಾಡಿನವರಿಗೆ ವಸ್ತು ಬಾಗಿಲಲ್ಲೇ ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಊರೂರಿಗೆ ಹಬ್ಬಿದ ಆ ಕೆಂಪು ಮಾಡು, ಸುಣ್ಣದ ಗೋಡೆ, ಹಿಂದೆ ಹಸಿರು ತೋಟ. ಕೆಂಪಿಗೆ ಎದುರು ಬಣ್ಣ ಹಸಿರು. ಇದಕ್ಕಿಂತ ಒಳ್ಳೆಯ ಪಾಠದ ವಸ್ತುವನ್ನು ಹುಡುಕಿಕೊಂಡು ಹೋಗಬೇಕಿಲ್ಲ.

2. ಬ್ರಷ್ ಹಿಡಿಯುವ ಮೊದಲು ಮೂರು ಚಿತ್ರ ನೋಡಿ

ಸಿನ್ಯಾಕ್ 1886ರಲ್ಲಿ ಬರೆದ ಕ್ಲಿಶಿಯ ಗ್ಯಾಸ್ ಟ್ಯಾಂಕುಗಳ ಚಿತ್ರ ಮೊದಲನೆಯದು. ಈಗ ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿದೆ. ಪ್ಯಾರಿಸ್ ಅಂಚಿನ ಕಾರ್ಖಾನೆ ಬಡಾವಣೆ, ಕೆಂಪು ಮಾಡು, ಬೇಲಿಯ ಮೇಲೆ ಒಣಹಾಕಿದ ಕೆಲಸಗಾರರ ಬಟ್ಟೆ. ಚೆಂದದ ಜಾಗವೇನಲ್ಲ, ಆದರೂ ಬಿಸಿಲು ಎಂಥದ್ದು ನೋಡಿ. ಅದೇ ವರ್ಷ ಅವನು ಬರೆದ ಲೆಸ್ ಆಂಡೆಲಿಯ ನದಿದಂಡೆ ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂನಲ್ಲಿದೆ. ಅಲ್ಲಿ ಮನೆಗಳೂ ಉಂಟು, ನೀರಲ್ಲಿ ಅವುಗಳ ಪ್ರತಿಬಿಂಬವೂ ಉಂಟು. ಮೂರನೆಯದು ಈ ವಿಧಾನವನ್ನು ಹುಟ್ಟುಹಾಕಿದ ಜಾರ್ಜ್ ಸ್ಯೂರಾ ಬರೆದ ಗ್ರಾಂಡ್ ಜಾಟ್ ದ್ವೀಪದ ಮೋಡ ಕವಿದ ದಿನದ ಚಿತ್ರ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನದು. ಮರಗಳ ನಡುವಿನಿಂದ ಆಚೆ ದಡದ ಮನೆಗಳು ಕಾಣುತ್ತವೆ. ಮ್ಯೂಸಿಯಂಗಳ ಜಾಲತಾಣದಲ್ಲಿ ಹಿಗ್ಗಿಸಿ ಒಂದೊಂದು ಗೋಡೆಯಲ್ಲಿ ಎಷ್ಟು ಬಣ್ಣವಿದೆ ಎಂದು ಎಣಿಸಿ. ಬಿಳಿ ಗೋಡೆ ಅಂದುಕೊಂಡದ್ದರಲ್ಲಿ ಬರಿಯ ಬಿಳಿ ಎಷ್ಟು ಕಡಿಮೆ ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

3. ಮೊದಲ ಚಿತ್ರ ಅಂಗೈ ಮೀರಿ ಬಹಳ ದೊಡ್ಡದಾಗದಿರಲಿ

ಲೆಕ್ಕ ಹಾಕಿ. 20 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲದ ಬೋರ್ಡಿನ ಮೇಲೆ 2 ಮಿ.ಮೀ. ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದು ಪದರಕ್ಕೇ 12,500 ಚುಕ್ಕಿ ಬೇಕು. ಸೆಕೆಂಡಿಗೆ ಒಂದರಂತೆ ಇಟ್ಟರೂ ಮೂರೂವರೆ ಗಂಟೆ. ಬಣ್ಣ ಅದ್ದುವುದು, ಯೋಚಿಸುವುದು ಸೇರಿದರೆ ಅದರ ಎರಡು ಮೂರು ಪಟ್ಟು. ಎ3 ಅಳತೆಗೆ ಹೋದರೆ ಚುಕ್ಕಿ 31 ಸಾವಿರ ದಾಟುತ್ತದೆ. ಸ್ಯೂರಾನ ಹೆಸರಾದ ಗ್ರಾಂಡ್ ಜಾಟ್‌ನ ಭಾನುವಾರದ ಚಿತ್ರ ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. 1884ರಲ್ಲಿ ಹಿಡಿದದ್ದು 1886ಕ್ಕೆ ಮುಗಿಯಿತು. ಆದರೆ ಅದಕ್ಕಾಗಿ ಅವನು ಸ್ಥಳಕ್ಕೆ ಹೋಗಿ ಮಾಡಿದ ಎಣ್ಣೆಬಣ್ಣದ ಸ್ಕೆಚ್‌ಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮರದ ಹಲಗೆಗಳ ಮೇಲಿದ್ದವು. ನಿಮ್ಮ ಅಳತೆ ಆ ಹಲಗೆಯದಾಗಿರಲಿ.

4. ಚುಕ್ಕಿಯ ಗಾತ್ರವನ್ನು ನೋಡುವ ದೂರ ತೀರ್ಮಾನಿಸಲಿ

ಆರೋಗ್ಯವಂತ ಕಣ್ಣಿಗೆ 1 ಮಿ.ಮೀ. ಚುಕ್ಕಿ ಸುಮಾರು ಮೂರೂವರೆ ಮೀಟರಿನಾಚೆ, 2 ಮಿ.ಮೀ. ಚುಕ್ಕಿ ಏಳು ಮೀಟರಿನಾಚೆ ಬಿಡಿಯಾಗಿ ಕಾಣುವುದು ನಿಲ್ಲುತ್ತದೆ. ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಗೂ ಕುರ್ಚಿಗೂ ಎರಡು ಮೂರು ಮೀಟರ್ ಅಂತರವಿರುತ್ತದೆ. ಅಂದರೆ ಚುಕ್ಕಿಗಳು ಪೂರ್ತಿ ಬೆರೆಯುವುದೇ ಇಲ್ಲ, ಮಿನುಗುತ್ತಿರುತ್ತವೆ. ಅದನ್ನು ದೋಷವೆಂದು ತಿಳಿಯಬೇಡಿ. ಆ ಮಿನುಗಿಗಾಗಿಯೇ ಜನ ಈ ಚಿತ್ರಗಳ ಮುಂದೆ ನಿಲ್ಲುವುದು. ಚಿಕ್ಕ ಬೋರ್ಡಿಗೆ ಒಂದರಿಂದ ಎರಡು ಮಿ.ಮೀ. ಸರಿ. ಇನ್ನೊಂದು ಗುಟ್ಟು: ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಬೇರೆಯಾಗಿದ್ದು ಗಾಢತೆ ಒಂದೇ ಆಗಿದ್ದರೆ ಹತ್ತಿರದಿಂದಲೂ ಬೇಗ ಬೆರೆಯುತ್ತವೆ. ಗಾಢತೆಯಲ್ಲಿ ಅಂತರವಿದ್ದರೆ ಬಹಳ ದೂರ ಹೋಗುವವರೆಗೂ ಸಾಸಿವೆ ಚೆಲ್ಲಿದಂತೆ ಕಾಣುತ್ತವೆ.

5. ಕಪ್ಪು, ಕಂದು ಟ್ಯೂಬುಗಳನ್ನು ಪೆಟ್ಟಿಗೆಯಲ್ಲೇ ಬಿಡಿ

ಸಿನ್ಯಾಕ್ ಬಳಗದವರು ಮಣ್ಣು ಬಣ್ಣಗಳನ್ನು ಪ್ಯಾಲೆಟ್‌ನಿಂದ ಹೊರಗಿಟ್ಟರು. ಕಾಮನಬಿಲ್ಲಿನ ಕ್ರಮದಲ್ಲಿ ಬಣ್ಣ, ಜೊತೆಗೆ ಬಿಳಿ. ನಿಮಗೆ ಬೇಕಾದದ್ದು ಇಷ್ಟು: ಲೆಮನ್ ಯೆಲ್ಲೋ, ಕಿತ್ತಳೆ, ವರ್ಮಿಲಿಯನ್, ಕ್ರಿಮ್ಸನ್, ನೇರಳೆ, ಅಲ್ಟ್ರಾಮರೀನ್, ಸೆರೂಲಿಯನ್, ವಿರಿಡಿಯನ್, ಒಂದು ಎಳೆ ಹಸಿರು, ಟೈಟಾನಿಯಂ ವೈಟ್. ಪ್ಯಾಲೆಟ್‌ನಲ್ಲಿ ಇದೇ ಸಾಲಿನಲ್ಲಿ ಹಾಕಿ, ಪ್ರತಿಯೊಂದರ ಕೆಳಗೆ ಬಿಳಿ ಬೆರೆಸಿದ ಅದೇ ಬಣ್ಣದ ಎರಡು ಹದ ಮಾಡಿಟ್ಟುಕೊಳ್ಳಿ. ಸಾಲಿನಲ್ಲಿ ನೆರೆಯ ಬಣ್ಣಗಳನ್ನು ಬೆರೆಸಬಹುದು. ದೂರದವನ್ನು ಪ್ಯಾಲೆಟ್‌ನಲ್ಲಿ ಬೆರೆಸಬೇಡಿ, ಕೊಳೆಯಾಗುತ್ತದೆ.

ಮಾಧ್ಯಮ ಅಕ್ರಿಲಿಕ್ ಇರಲಿ. ಬೇಗ ಒಣಗುತ್ತದೆ, ಚುಕ್ಕಿಯ ಮೇಲೆ ಚುಕ್ಕಿ ಇಟ್ಟರೂ ಕೆಳಗಿನದು ಕರಗಿ ಬರುವುದಿಲ್ಲ. ಪೋಸ್ಟರ್ ಕಲರ್ ಒದ್ದೆಯಾದರೆ ಮತ್ತೆ ಏಳುತ್ತದೆ. ಟ್ಯೂಬಿನ ಮೇಲೆ ಬಣ್ಣ ಬೆಳಕಿಗೆ ಎಷ್ಟು ತಾಳುತ್ತದೆ ಎಂಬ ಗುರುತು ಇರುತ್ತದೆ, ನೋಡಿ ಕೊಳ್ಳಿ. ಗ್ರಾಂಡ್ ಜಾಟ್‌ನ ಭಾನುವಾರದ ಚಿತ್ರದಲ್ಲಿ ಸ್ಯೂರಾ ಬಳಸಿದ ಜಿಂಕ್ ಯೆಲ್ಲೋ ಕೆಲವೇ ವರ್ಷಗಳಲ್ಲಿ ಕಂದು ತಿರುಗಿತು. ಹುಲ್ಲಿನ ಮೇಲಿನ ಬಿಸಿಲು ಅವನು ಇಟ್ಟಂತೆ ಇಂದು ಉಳಿದಿಲ್ಲ.

6. ಹಳದಿ, ನೀಲಿ ಚುಕ್ಕಿಗಳಿಂದ ಹಸಿರು ಹುಟ್ಟುವುದಿಲ್ಲ

ಈ ಕಲೆಯ ಬಗ್ಗೆ ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ ಇದು. ಶಾಲೆಯ ಪುಸ್ತಕದಿಂದ ಹಿಡಿದು ಎಲ್ಲೆಲ್ಲೂ ಇದೇ ಉದಾಹರಣೆ. ಬಟ್ಟಲಲ್ಲಿ ಹಳದಿ, ನೀಲಿ ಕಲಸಿದರೆ ಹಸಿರು ಬರುತ್ತದೆ, ಏಕೆಂದರೆ ಎರಡೂ ವರ್ಣದ್ರವ್ಯಗಳು ತಮ್ಮ ತಮ್ಮ ಪಾಲಿನ ಬೆಳಕನ್ನು ಹೀರಿ ಹಸಿರನ್ನಷ್ಟೇ ಉಳಿಸುತ್ತವೆ. ಪಕ್ಕಪಕ್ಕ ಚುಕ್ಕಿಯಾಗಿಟ್ಟಾಗ ಎರಡರಿಂದ ಹೊಮ್ಮಿದ ಬೆಳಕು ಕಣ್ಣಿನಲ್ಲಿ ಸರಾಸರಿಯಾಗುತ್ತದೆ. ಹಳದಿ ಮತ್ತು ಅಲ್ಟ್ರಾಮರೀನ್ ನೀಲಿಯ ಸರಾಸರಿ ಬೂದು. ಅಮೆರಿಕದ ಭೌತವಿಜ್ಞಾನಿ ಆಗ್ಡನ್ ರೂಡ್ 1879ರ ತನ್ನ ಪುಸ್ತಕದಲ್ಲಿ ಬಟ್ಟಲಿನ ಬೆರಕೆಗೂ ಕಣ್ಣಿನ ಬೆರಕೆಗೂ ಇರುವ ಈ ಭೇದವನ್ನು ವಿವರಿಸಿದ್ದ, ಸ್ಯೂರಾ ಅದನ್ನು ಓದಿಕೊಂಡಿದ್ದ.

ಹಾಗಾಗಿ ಮರಕ್ಕೆ ಹಸಿರು ಚುಕ್ಕಿಯನ್ನೇ ಇಡಿ. ಬಿಸಿಲು ಬಿದ್ದ ಎಲೆಗೆ ಎಳೆ ಹಸಿರು, ಹಳದಿ ಹಸಿರು, ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ. ನೆರಳಿನ ಎಲೆಗೆ ವಿರಿಡಿಯನ್, ಅದರ ಜೊತೆ ನೀಲಿ, ನೇರಳೆ. ಮರದ ಕಾಂಡಕ್ಕೆ ಕಂದು ಟ್ಯೂಬ್ ಬೇಕಿಲ್ಲ: ಕೆಂಪು ಮತ್ತು ಹಸಿರು ಚುಕ್ಕಿಗಳು ಸಮಸಮ ಬಂದರೆ ಕಣ್ಣಿಗೆ ಮಂಕು ಕಂದಾಗುತ್ತದೆ, ನೆರಳ ಬದಿಗೆ ಅಲ್ಟ್ರಾಮರೀನ್ ಸೇರಿಸಿ. ಒಂದು ಸಂಜೆ ಬಿಳಿ ಹಾಳೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಚೌಕಗಳನ್ನು ಬರೆದು ಒಂದೊಂದರಲ್ಲಿ ಎರಡೆರಡು ಬಣ್ಣದ ಚುಕ್ಕಿ ತುಂಬಿ, ಗೋಡೆಗೆ ಅಂಟಿಸಿ ದೂರ ನಿಂತು ನೋಡಿ. ಆ ಹಾಳೆ ಮುಂದೆ ನಿಮ್ಮ ಕೋಷ್ಟಕವಾಗುತ್ತದೆ.

7. ಎದುರು ಬಣ್ಣಗಳನ್ನು ದೊಡ್ಡ ಜಾಗದಲ್ಲಿ ಎದುರುಬದುರು ಕೂರಿಸಿ, ಒಂದೇ ಜಾಗದಲ್ಲಿ ಕಲಸಬೇಡಿ

ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1824ರಲ್ಲಿ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾದ. ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿದರೆ ಬಣ್ಣ ಹಾಕಿದ್ದರಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳೇ ಕಪ್ಪನ್ನು ಮಂಕಾಗಿಸಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ ಎಂಬ ಅವನ ಸಿದ್ಧಾಂತ 1839ರಲ್ಲಿ ಪುಸ್ತಕವಾಗಿ ಬಂತು. ಅರ್ಧ ಶತಮಾನದ ಮೇಲೆ ಸ್ಯೂರಾನ ಬಳಗಕ್ಕೆ ಅದು ಕೈಪಿಡಿಯಾಯಿತು.

ಇದನ್ನು ಬಳಸುವಾಗ ಒಂದು ಸೂಕ್ಷ್ಮವಿದೆ. ಕೆಂಪು ಮಾಡಿನ ಇಡೀ ಹರಹು ಹಸಿರು ತೋಟದ ಇಡೀ ಹರಹಿನ ಎದುರು ನಿಂತಾಗ ಎರಡೂ ಬೆಳಗುತ್ತವೆ. ಅದೇ ಕೆಂಪು ಹಸಿರನ್ನು ಚುಕ್ಕಿಯಾಗಿ ಒಂದೇ ಜಾಗದಲ್ಲಿ ಸಮನಾಗಿ ಬೆರೆಸಿದರೆ ಎರಡೂ ಒಂದನ್ನೊಂದು ಕೊಂದು ಮಂಕಾಗುತ್ತವೆ. ಹಾಗಾಗಿ ಒಂದು ಭಾಗದ ಒಳಗೆ ಬಹುಪಾಲು ನೆರೆಯ ಬಣ್ಣಗಳೇ ಇರಲಿ, ಎದುರು ಬಣ್ಣ ಹತ್ತು ಹದಿನೈದು ಚುಕ್ಕಿಗೆ ಒಂದು ಸಾಕು. ಜೋಡಿಗಳು ಗೊತ್ತಿರಲಿ: ಕೆಂಪು–ಹಸಿರು, ಕಿತ್ತಳೆ–ನೀಲಿ, ಹಳದಿ–ನೇರಳೆ.

8. ಪೆನ್ಸಿಲ್ ಸ್ಕೆಚ್‌ನಲ್ಲಿ ಬೆಳಕು ನೆರಳನ್ನು ಐದು ಹಂತಕ್ಕೆ ಇಳಿಸಿ

ಬಣ್ಣ ಎಷ್ಟೇ ಚೆಂದವಿದ್ದರೂ ಬೆಳಕು ನೆರಳು ತಪ್ಪಿದರೆ ಮನೆ ನಿಲ್ಲುವುದಿಲ್ಲ. ಸ್ಯೂರಾ ಒರಟು ಕಾಗದದ ಮೇಲೆ ಕಪ್ಪು ಕೋಂಟೆ ಕ್ರೇಯಾನ್‌ನಿಂದ ಗೆರೆಯೇ ಇಲ್ಲದ, ಬರಿಯ ಗಾಢ ತಿಳಿಯ ಚಿತ್ರಗಳನ್ನು ರಾಶಿ ರಾಶಿ ಬರೆದು ಕೈ ಪಳಗಿಸಿಕೊಂಡಿದ್ದ. ನೀವು 6ಬಿ ಪೆನ್ಸಿಲ್ ಹಿಡಿಯಿರಿ. ಕಣ್ಣನ್ನು ಅರೆಮುಚ್ಚಿ ನೋಡಿ ಅತಿ ಬೆಳಕಿಗೆ 1, ಅತಿ ಕತ್ತಲಿಗೆ 5 ಎಂದು ಅಂಕೆ ಹಾಕಿ. ಬಿಸಿಲ ಗೋಡೆ 1, ಆಕಾಶ 2, ಬಿಸಿಲ ಮಾಡು 3, ನೆರಳಿನ ಗೋಡೆಯೂ 3 ಆಗಬಹುದು, ಸೂರಿನ ಕೆಳಗೆ 5. ಬಿಳಿ ಬಳಿದ ಗೋಡೆ ನೆರಳಿನಲ್ಲಿ ಬಿಸಿಲು ಬಿದ್ದ ಕೆಂಪು ಹೆಂಚಿನಷ್ಟೇ ಗಾಢವಾಗಿ ಕಾಣುತ್ತದೆ ಎಂಬುದನ್ನು ಕಣ್ಣು ಮೊದಲಿಗೆ ಒಪ್ಪುವುದೇ ಇಲ್ಲ. ಅಂಕೆಯನ್ನು ನಂಬಿ.

9. ಚುಕ್ಕಿಗೆ ಮೊದಲು ತೆಳು ಪದರ

ಬಿಳಿ ಬೋರ್ಡಿನ ಮೇಲೆ ನೇರ ಚುಕ್ಕಿ ಇಟ್ಟರೆ ನಡುನಡುವಿನ ಬಿಳಿ ಎಲ್ಲವನ್ನೂ ತಿಳಿಯಾಗಿಸಿ ಲೆಕ್ಕ ತಪ್ಪಿಸುತ್ತದೆ. ಗ್ರಾಂಡ್ ಜಾಟ್‌ನ ಭಾನುವಾರದ ಚಿತ್ರ ಕೂಡ ಆರಂಭದಿಂದ ಚುಕ್ಕಿಯಲ್ಲಿ ಬರೆದದ್ದಲ್ಲ. ಸ್ಯೂರಾ ಮೊದಲು ಹುಲ್ಲಿಗೆ, ನೀರಿಗೆ, ಮರಕ್ಕೆ ತಕ್ಕ ದಿಕ್ಕಿನ ಪುಟ್ಟ ಬ್ರಷ್ ಗೀಟುಗಳಲ್ಲಿ ಚಿತ್ರ ಕಟ್ಟಿ, ಆಮೇಲೆ ಅದರ ಮೇಲೆ ಚುಕ್ಕಿ ಇಟ್ಟ. ನೀವೂ ಪ್ರತಿ ಭಾಗಕ್ಕೆ ಅದರ ಸರಾಸರಿ ಬಣ್ಣವನ್ನು ನೀರಾಗಿ ಬಳಿದು ಒಣಗಲು ಬಿಡಿ. ಬಿಸಿಲ ಗೋಡೆಗೆ ಕೆನೆ, ನೆರಳಿನದಕ್ಕೆ ತಿಳಿನೇರಳೆ, ಮಾಡಿಗೆ ತಿಳಿಕಿತ್ತಳೆ. ಪೆನ್ಸಿಲ್ ಗೆರೆ ಇದರಡಿಯಲ್ಲಿ ಮಾಯವಾದರೆ ಒಳ್ಳೆಯದೇ.

10. ಗೋಡೆಯನ್ನು ನಿಲ್ಲಿಸುವ ಕ್ರಮ

ಇಲ್ಲಿ ನಿಧಾನಿಸಿ. ಪೂರ್ವದ ಬಿಸಿಲು ಬಿದ್ದ ಸುಣ್ಣದ ಗೋಡೆಯಿಂದ ಶುರುಮಾಡೋಣ. ಮೊದಲು ಬಿಳಿಗೆ ಹನಿ ಹಳದಿ ಬೆರೆಸಿದ ಚುಕ್ಕಿ, ಗೋಡೆಯ ತುಂಬ, ಒಂದಕ್ಕೊಂದು ತಾಗದಂತೆ. ನಡುವಿನ ಜಾಗದಲ್ಲಿ ಬಿಳಿಗೆ ಹನಿ ಕಿತ್ತಳೆ ಬೆರೆಸಿದ್ದು. ಅಲ್ಲಲ್ಲಿ ತಿಳಿ ಗುಲಾಬಿ. ಕೊನೆಗೆ ಬಹಳ ವಿರಳವಾಗಿ ತಿಳಿನೀಲಿ. ಅದು ಬಂದ ಕೂಡಲೇ ಹಳದಿ ಬಿಸಿಯಾಗುತ್ತದೆ.

ಪಕ್ಕದ ನೆರಳ ಗೋಡೆಯೂ ಅದೇ ಸುಣ್ಣದ್ದು, ಆದರೆ ಅದಕ್ಕೆ ಬೆಳಕು ಬರುವುದು ಆಕಾಶದಿಂದ ಮತ್ತು ನೆಲದಿಂದ. ಆದ್ದರಿಂದ ಮೇಲ್ಭಾಗಕ್ಕೆ ಬಿಳಿ ಬೆರೆಸಿದ ಅಲ್ಟ್ರಾಮರೀನ್, ನೇರಳೆ. ಕೆಳಗಿಳಿದಂತೆ ಅಂಗಳದ ಕೆಂಪು ಮಣ್ಣು ಗೋಡೆಗೆ ತನ್ನ ಬಣ್ಣ ಎರಚಿರುತ್ತದೆ: ತಿಳಿ ಕಿತ್ತಳೆ, ಗುಲಾಬಿ ಚುಕ್ಕಿಗಳನ್ನು ನೆಲದ ಹತ್ತಿರ ದಟ್ಟವಾಗಿ, ಮೇಲಕ್ಕೆ ಹೋದಂತೆ ವಿರಳವಾಗಿ ಇಡಿ. ಕೆಳಗಿನ ಈ ಬೆಚ್ಚನೆಯ ಬಣ್ಣವೇ ಮನೆಯನ್ನು ನೆಲಕ್ಕೆ ಕೂರಿಸುವುದು. ಸೂರಿನ ಅಡಿಗೆ ಅಲ್ಟ್ರಾಮರೀನ್, ಕ್ರಿಮ್ಸನ್, ಬಿಳಿ ಬೆರೆಸದೆ. ಕಿಟಕಿಗೆ ಕಪ್ಪು ಬೇಡ, ಅಲ್ಟ್ರಾಮರೀನ್ ಮತ್ತು ವಿರಿಡಿಯನ್ ಒತ್ತಾಗಿಟ್ಟು ಒಂದೆರಡು ಕ್ರಿಮ್ಸನ್ ಸೇರಿಸಿದರೆ ಕಪ್ಪಿಗಿಂತ ಆಳವಾಗಿ ಕಾಣುತ್ತದೆ.

ಮಾಡಿಗೆ ಮಾತ್ರ ಚುಕ್ಕಿಗಳನ್ನು ಇಳಿಜಾರಿನ ದಿಕ್ಕಿನಲ್ಲೇ ಸಾಲಾಗಿ ಇಡಬಹುದು, ಹೆಂಚಿನ ಸಾಲು ತಾನಾಗಿ ಮೂಡುತ್ತದೆ. ಬಿಸಿಲ ಬದಿಗೆ ಕಿತ್ತಳೆ, ವರ್ಮಿಲಿಯನ್, ನೆತ್ತಿಯ ಬಳಿ ಹಳದಿ. ನೆರಳ ಬದಿಗೆ ಕ್ರಿಮ್ಸನ್, ನೇರಳೆ. ಮಳೆಗಾಲ ಕಂಡ ಹಳೆಯ ಹೆಂಚಾದರೆ ಪಾಚಿಗೆ ನಾಲ್ಕಾರು ಹಸಿರು.

11. ಅಂಚಿಗೆ ಗೆರೆ ಎಳೆಯಬೇಡಿ

ಮನೆ ಕರಗಿಹೋಗುತ್ತಿದೆ ಅನ್ನಿಸಿದಾಗ ಕಪ್ಪು ಪೆನ್ನು ಹಿಡಿದು ಸುತ್ತ ಗೆರೆ ಎಳೆಯುವ ಆಸೆಯಾಗುತ್ತದೆ. ಎಳೆದರೆ ಅಲ್ಲಿಯವರೆಗಿನ ಶ್ರಮವೆಲ್ಲ ಬಣ್ಣ ತುಂಬಿದ ಮಕ್ಕಳ ಪುಸ್ತಕವಾಗುತ್ತದೆ. ಸ್ಯೂರಾನ ಉಪಾಯ ಬೇರೆ. ಬೆಳಕಿನ ಅಂಚಿನ ಹೊರಗೆ ಹಿನ್ನೆಲೆಯನ್ನು ಸ್ವಲ್ಪ ಗಾಢ ಮಾಡುತ್ತಿದ್ದ, ಗಾಢ ಅಂಚಿನ ಹೊರಗೆ ಸ್ವಲ್ಪ ತಿಳಿ ಮಾಡುತ್ತಿದ್ದ. ಬಿಸಿಲ ಗೋಡೆ ಆಕಾಶಕ್ಕೆ ತಾಗುವಲ್ಲಿ ಎರಡು ಮೂರು ಸಾಲು ನೀಲಿ ಚುಕ್ಕಿಯನ್ನು ಒತ್ತಾಗಿಡಿ. ನೆರಳ ಮಾಡು ಆಕಾಶಕ್ಕೆ ತಾಗುವಲ್ಲಿ ಆಕಾಶಕ್ಕೆ ಬಿಳಿ ಹೆಚ್ಚಿಸಿ. ಅಂಚಿನ ಉದ್ದಕ್ಕೂ ಚುಕ್ಕಿ ಚಿಕ್ಕದಾಗಿ, ನೇರ ಸಾಲಾಗಿ ಬರಲಿ. ಕೈ ನಡುಗುವವರು ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

12. ದೂರದ ಮನೆಗೆ ಕಡಿಮೆ ಬಣ್ಣ, ಬೆಳಕು ನೆರಳಲ್ಲೂ ಕಡಿಮೆ ಅಂತರ

ಹಿಂದಿನ ಮನೆಯ ಮಾಡಿಗೆ ವರ್ಮಿಲಿಯನ್ ಬೇಡ. ತಿಳಿ ಗುಲಾಬಿ, ನಸುನೇರಳೆ ಸಾಕು. ಕಿಟಕಿ ಬಾಗಿಲು ಬಿಡಿಸಬೇಡಿ.

13. ಒಂದು ಸಲಕ್ಕೆ ಒಂದೇ ಬಣ್ಣ, ಇಡೀ ಚಿತ್ರದ ಮೇಲೆ

ಬ್ರಷ್‌ಗೆ ಕಿತ್ತಳೆ ಹತ್ತಿದರೆ ಮಾಡಿಗೂ ಗೋಡೆಗೂ ಅಂಗಳಕ್ಕೂ ಎಲೆಯ ನಡುವಿಗೂ ಎಲ್ಲೆಲ್ಲಿ ಕಿತ್ತಳೆ ಬೇಕೋ ಅಲ್ಲೆಲ್ಲ ಇಟ್ಟು ಮುಗಿಸಿ, ಆಮೇಲೆ ತೊಳೆಯಿರಿ. ಬಣ್ಣ ಕೊಳೆಯಾಗುವುದಿಲ್ಲ, ಚಿತ್ರಕ್ಕೆ ಒಂದು ಹದವೂ ಬರುತ್ತದೆ. ಮನೆ ಪೂರ್ತಿ ಮುಗಿಸಿ ಆಮೇಲೆ ಮರ ಹಿಡಿಯುವವರ ಚಿತ್ರದಲ್ಲಿ ಮನೆಯ ಬಿಸಿಲು ಒಂದು, ಮರದ ಬಿಸಿಲು ಇನ್ನೊಂದು ಆಗಿರುತ್ತದೆ.

2 ಅಥವಾ 3ನೇ ನಂಬರಿನ ರೌಂಡ್ ಬ್ರಷ್ ಸಾಕು. ನೆಟ್ಟಗೆ ಹಿಡಿದು ತಾಗಿಸಿ ಎತ್ತಿ, ಎಳೆಯಬೇಡಿ. ಬಣ್ಣ ಕೆನೆಯ ಹದದಲ್ಲಿರಲಿ. ನೀರಾದರೆ ಹರಡುತ್ತದೆ, ಗಟ್ಟಿಯಾದರೆ ಮೊನೆ ಎದ್ದು ನಿಲ್ಲುತ್ತದೆ. ಕಿವಿಯ ಹತ್ತಿಕಡ್ಡಿ ಆಕಾಶಕ್ಕೆ ಆದೀತು, ಮನೆಗೆ ದಪ್ಪವಾಯಿತು. ಮಣಿಕಟ್ಟು ನೋಯುವ ಮೊದಲೇ ಎದ್ದು ನಿಲ್ಲಿ. ದಣಿದ ಕೈ ಚುಕ್ಕಿಯನ್ನು ಸಾಲಾಗಿ, ಒಂದೇ ಅಂತರದಲ್ಲಿ ಇಡಲು ಶುರುಮಾಡುತ್ತದೆ, ಆಕಾಶ ಸೊಳ್ಳೆ ಪರದೆಯಾಗುತ್ತದೆ.

ಎದ್ದಾಗಲೆಲ್ಲ ಫೋನ್‌ನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ನೆರಳ ಗೋಡೆಯೂ ಬಿಸಿಲ ಗೋಡೆಯೂ ಒಂದೇ ಬೂದಾಗಿ ಕಂಡರೆ ಬಣ್ಣ ಎಷ್ಟೇ ಬೇರೆಯಾಗಿದ್ದರೂ ಗಾಢತೆ ಸಾಲದು; ನೆರಳಿಗೆ ಇನ್ನೊಂದು ಸುತ್ತು ನೇರಳೆ.

14. ಮುಗಿದ ಮೇಲೆ ಅಂಚುಪಟ್ಟಿ, ಆಮೇಲೆ ಅದೇ ಮನೆ ಇನ್ನೊಮ್ಮೆ

ಕೆಳಗಿನ ತೆಳು ಪದರ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇಣುಕುತ್ತಿರುವಾಗಲೇ ನಿಲ್ಲಿಸಿ. ಸ್ಯೂರಾ ಕೆಲ ವರ್ಷಗಳ ಮೇಲೆ ಗ್ರಾಂಡ್ ಜಾಟ್‌ನ ಭಾನುವಾರದ ಚಿತ್ರದ ಸುತ್ತ ಚುಕ್ಕಿಗಳದೇ ಒಂದು ಅಂಚುಪಟ್ಟಿ ಸೇರಿಸಿದ. ನೀವೂ ಅರ್ಧ ಸೆಂ.ಮೀ. ಪಟ್ಟಿ ಬಿಟ್ಟುಕೊಂಡು, ಆಕಾಶದ ನೀಲಿ ತಾಗುವಲ್ಲಿ ಕಿತ್ತಳೆ, ಹಸಿರು ತಾಗುವಲ್ಲಿ ಕೆಂಪು ಇಟ್ಟು ನೋಡಿ. ಚೌಕಟ್ಟಿನ ಅಂಗಡಿಯಲ್ಲಿ ಮಿಂಚುವ ಗಾಜು ಬೇಡವೆನ್ನಿ.

ಈ ವಿಧಾನ ನಿಮ್ಮ ಕೈಗೆ ಒಗ್ಗದೆಯೂ ಇರಬಹುದು. ಚಿತ್ರಕಾರ ಕಮೀಲ್ ಪಿಸಾರೊ ಐವತ್ತೈದು ದಾಟಿದ ಮೇಲೆ ಯುವಕ ಸ್ಯೂರಾನಿಂದ ಇದನ್ನು ಕಲಿತ, ನಾಲ್ಕೈದು ವರ್ಷ ಮನಸಾರೆ ಬಳಸಿದ, ಕಣ್ಣೆದುರಿನ ದೃಶ್ಯ ಬದಲಾಗುವ ವೇಗಕ್ಕೆ ಚುಕ್ಕಿ ಓಡದು ಎಂದು ಬಿಟ್ಟ. ಬಿಟ್ಟ ಮೇಲೂ ಅವನ ಬಣ್ಣಗಳಲ್ಲಿ ಆ ಪಾಠದ ಗುರುತು ಉಳಿಯಿತು. ಸ್ಯೂರಾ 1891ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡ. ಮುಂದಿನ ವರ್ಷ ಸೇಂಟ್ ಟ್ರೊಪೇ ಎಂಬ ಕಡಲೂರಿಗೆ ಹೋದ ಸಿನ್ಯಾಕ್, ಅವನ ಗೆಳೆಯ ಕ್ರಾಸ್ ಇಬ್ಬರೂ ಕ್ರಮೇಣ ಚುಕ್ಕಿಯನ್ನು ಹಿಗ್ಗಿಸಿ ಮೊಸಾಯಿಕ್ ಕಲ್ಲಿನಂಥ ಚೌಕ ಗೀಟುಗಳನ್ನು ಹಿಡಿದರು. ನೀವೂ ಎರಡನೆಯ ಚಿತ್ರದಲ್ಲಿ ಹಾಗೆಯೇ ಚುಕ್ಕಿ ಹಿಗ್ಗಿಸಿ ನೋಡಿ, ಆದರೆ ಹೊಸ ಜಾಗ ಹುಡುಕಬೇಡಿ. ಬೆಳಿಗ್ಗೆ ಬರೆದ ಅದೇ ಮನೆಗಳಿಗೆ ಸಂಜೆ ಐದಕ್ಕೆ ಹೋಗಿ, ಬಿಸಿಲು ನೆರಳು ಮಗ್ಗುಲು ಬದಲಿಸಿರುತ್ತವೆ. ಈ ಸಲ ಅರ್ಧ ಸೆಂ.ಮೀ. ಅಗಲದ ಚಪ್ಪಟೆ ಬ್ರಷ್ ಒಯ್ಯಿರಿ, ಅಳತೆಯನ್ನು ಎ3ಗೆ ಏರಿಸಿ.